ತವರಕ್ಕೆ ಮೂಡಿದ ಕೊಂಬು

ಹೋಗಿ ಬರ್ತೀನಿ ಅಂದಳೋ, ಹೋಗ್ತೀನಿ ಅಂದಳೋ?

ಒಲೆಯ ಮೇಲೆ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತ ನಿಂತೇ ಗುತ್ಯಪ್ಪ ಯೋಚಿಸುತ್ತಿದ್ದ. ಅಂಗಡಿಗೆ ಬೆಂಕಿಪೊಟ್ಟಣ ತರಲು ಹೋಗುವವರೂ ಈ ಸೀಮೆಯಲ್ಲಿ ‘ಹೋಗಿ ಬರ್ತೀನಿ’ ಎಂದೇ ಹೊಸ್ತಿಲು ದಾಟುತ್ತಾರೆ. ಬರಿಯ ‘ಹೋಗ್ತೀನಿ’ ಎನ್ನುವವರು ಬದುಕು ಸಾಕಾದವರು, ಇಲ್ಲವೇ ಗಂಡ ಸಾಕಾದವರು. ಹೋದ ವಾರ ಮಂಜುಶ್ರೀ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಮಾತಾಡುವಾಗ ಪಕ್ಕದ ಯಮುನಮ್ಮನ ಹಿತ್ತಲಲ್ಲಿ ಕಳೆ ಕೊಚ್ಚುವ ಮಷಿನ್ ಅರಚುತ್ತಿತ್ತು. ಮೊದಲಿನ ‘ಹೋ’ ಕೇಳಿಸಿತು, ಕೊನೆಯ ‘ತೀನಿ’ ಕೇಳಿಸಿತು. ನಡುವಿನದನ್ನೆಲ್ಲ ಮಷಿನ್ ಕೊಚ್ಚಿಹಾಕಿತ್ತು. ಏನಂದೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ, ಬಸ್ಸಿಗೆ ಅಡ್ಡ ಹಿಡಿಯುವಂತೆ ಒಂದು ಕೈ ಎತ್ತಿದ್ದ. ಕೈ ಇಳಿಸುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಅವಳು ಹೋದದ್ದು ತೀರ್ಥಹಳ್ಳಿ ಹತ್ತಿರದ ತವರಿಗೆ. ತಾಯಿ ಹೂವಮ್ಮನಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಇತ್ತು. ನೀವೂ ಬನ್ನಿ ಎಂದು ಕರೆದಿದ್ದಳು. ಅದಕ್ಕೂ ಗುತ್ಯಪ್ಪ ಸುಮ್ಮನಿದ್ದ. ಒಳಗೆ ಮಾತು ಎಷ್ಟೇ ಕುದಿದರೂ ಸೀಟಿ ಹೊಡೆಯದ ಕುಕ್ಕರಿನ ಹಾಗೆ ಅವನು. ಈ ವಾರವೆಲ್ಲ ಫೋನಿನಲ್ಲಿ ಅತ್ತೆ ಹೇಗಿದ್ದಾರೆ ಎಂದರೆ ಅವಳು ‘ಹ್ಞೂಂ’ ಎನ್ನುತ್ತಿದ್ದಳು. ಊಟ ಆಯ್ತಾ ಎಂದರೂ ‘ಹ್ಞೂಂ’. ಯಾವಾಗ ಬರ್ತೀಯ ಎಂದು ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಅದಕ್ಕೂ ‘ಹ್ಞೂಂ’ ಎಂದುಬಿಟ್ಟರೆ ಆ ‘ಹ್ಞೂಂ’ಅನ್ನು ಇಟ್ಟುಕೊಂಡು ಏನು ಮಾಡುವುದು.

ಗುತ್ಯಪ್ಪನಿಗೆ ಹೆದರಿಕೆಯಾದಾಗೆಲ್ಲ ಬರುವುದು ಸಿಟ್ಟು. ಈಗ ಅದು ಮೊದಲು ಹಾಲಿನ ಮೇಲೆ ಬಂತು, ಆಮೇಲೆ ಒಲೆಯ ಮೇಲೆ, ಆಮೇಲೆ ಕಳೆ ಕೊಚ್ಚುವ ಮಷಿನ್ ಕಂಡುಹಿಡಿದವನ ಮೇಲೆ. ಪಾತ್ರೆ ಇಳಿಸಿ ಬೆರಳು ಸುಟ್ಟುಕೊಂಡ. ಅದೂ ಮಂಜುಶ್ರೀಯದೇ ತಪ್ಪು ಎಂದು ತೀರ್ಮಾನಿಸುವಷ್ಟರಲ್ಲಿ ಯಮುನಮ್ಮ ಹಿತ್ತಲ ಬಾಗಿಲಿಂದ ಒಳಗೆ ಬಂದರು. ಒಂದು ಕೈಯಲ್ಲಿ ಕಡುಬಿನ ತಟ್ಟೆ, ಇನ್ನೊಂದು ಕೈಯಲ್ಲಿ ಮೊಬೈಲು. ಸಾವಿನ ಮನೆಗೆ ಬರುವವರ ಹಾಗೆ ಮೆಲ್ಲಗೆ ಬಂದು, ತಟ್ಟೆಯನ್ನು ಮೆಲ್ಲಗೆ ಇಟ್ಟರು.

“ಮನೆ ವಿಷಯ ಮೈಕಲ್ಲಿ ಹೇಳ್ಕೊಳೋದಾ ಮೇಷ್ಟ್ರೇ?” ಎಂದರು. “ನನ್ನ ಹತ್ರ ಹೇಳಿದ್ರೆ ಸಾಕಿತ್ತು. ನಾನೇ ನಾಕು ಜನಕ್ಕೆ ಹೇಳ್ತಿದ್ದೆ.”

ಮೊಬೈಲಿನಲ್ಲಿ ಒಂದು ಪೋಸ್ಟರ್ ಇತ್ತು. ಅದರಲ್ಲಿ ಹಲ್ಲುನೋವಿನವನಂತೆ ಮುಖ ಮಾಡಿಕೊಂಡ ಗುತ್ಯಪ್ಪನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ: ‘ತವರು ಸೇರಿದರೆ ಚಟುವಟಿಕೆ ಏನಾಗುತ್ತದೆ? ಡಾ. ಗುತ್ಯಪ್ಪನವರಿಂದ ಸ್ವಂತ ಅನುಭವದ ಮಾತು. ಇಂದು ಭಾನುವಾರ ಮಧ್ಯಾಹ್ನ, ಸಾಗರ. ಎಲ್ಲರಿಗೂ ಸ್ವಾಗತ.’

ಗುತ್ಯಪ್ಪ ಅದನ್ನು ಓದಿದ. ಮತ್ತೆ ಓದಿದ. ತವರಕ್ಕೆ ಕೊಂಬು ಮೂಡಿತ್ತು.

ಗುತ್ಯಪ್ಪ ಹೊಸನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಪ್ಲಾಟಿನಂನಂಥ ಲೋಹಕ್ಕೆ ಒಂದಿಷ್ಟು ತವರ, ಅಂದರೆ ಪಾತ್ರೆಗೆ ಕಲಾಯಿ ಹಾಕುವ ಆ ಬಿಳಿ ಲೋಹ, ಸೇರಿಸಿದರೆ, ಹೈಡ್ರೋಜನನ್ನು ಬೇರೆ ವಸ್ತುಗಳಿಗೆ ಕೂಡಿಸುವ ಅದರ ಚಟುವಟಿಕೆ ಹೇಗೆ ಬದಲಾಗುತ್ತದೆ ಎಂಬುದು ಅವನ ಪಿಎಚ್.ಡಿ. ವಿಷಯ. ಡಾಕ್ಟರು ಎಂಬ ಬಿರುದು ಬಂದು ವರ್ಷಗಳಾಗಿದ್ದವು. ಅದು ಯಾತಕ್ಕೆ ಬಂತೆಂದು ಯಾರೂ ಕೇಳಿರಲಿಲ್ಲ; ಜ್ವರಕ್ಕೆ ಮಾತ್ರೆ ಕೇಳಿದವರಿದ್ದರು. ಮದುವೆಯ ಹೊಸದರಲ್ಲಿ ಮಂಜುಶ್ರೀ ಒಮ್ಮೆ ಕೇಳಿದ್ದಳು. ಎಲ್ಲಿಂದ ಶುರುಮಾಡಲಿ ಎಂದು ಅವನು ಯೋಚಿಸುತ್ತಿರುವಾಗಲೇ ಅವಳಿಗೆ ನಿದ್ದೆ ಬಂದಿತ್ತು. ಮನೆಯಲ್ಲಿ ಅವನು ಆ ಲೋಹವನ್ನು ‘ಟಿನ್’ ಎನ್ನುತ್ತಿದ್ದ. ಅವಳು ಅದನ್ನು ಬಿಸ್ಕತ್ತಿನ ಡಬ್ಬ ಎಂದುಕೊಂಡಿದ್ದಳು.

ಹೀಗಿರುವಾಗ ಸಾಗರದ ವಿಜ್ಞಾನ ಬಳಗದಿಂದ ಕರೆ ಬಂದಿತ್ತು. ಅಚ್ಚಕನ್ನಡದಲ್ಲಿ ಉಪನ್ಯಾಸ ಕೊಡಬೇಕು ಎಂದು. ಜನ್ಮದಲ್ಲಿ ಮೊದಲ ಸಲ ಯಾರೋ ಅವನ ತವರವನ್ನು ಕೇಳುತ್ತಿದ್ದರು. ಅದಕ್ಕೇ ಅವನು ಲ್ಯಾಪ್‌ಟಾಪಿಗೆ ಅಂಟಿಕೊಂಡದ್ದು, ಅದಕ್ಕೇ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹೋಗದೆ ಉಳಿದದ್ದು, ಅದಕ್ಕೇ ಆ ಕೈ ಎತ್ತಿದ್ದು.

ಬಳಗದ ಕಾರ್ಯದರ್ಶಿ ವಿಘ್ನೇಶ್ವರ ಭಟ್ಟರು ನಿವೃತ್ತ ಕನ್ನಡ ಮೇಷ್ಟ್ರು. ಗುತ್ಯಪ್ಪ ಅವರಿಗೆ ಫೋನ್ ಮಾಡಿದಾಗ ಅವನ ಧ್ವನಿ ಸಿಟ್ಟಿನಿಂದ ಉಕ್ಕುತ್ತಿತ್ತು. ಭಟ್ಟರ ಧ್ವನಿ ಸಂತೋಷದಿಂದ ಉಕ್ಕುತ್ತಿತ್ತು.

“ನೀವು ಕಳಿಸಿದ ಉಪನ್ಯಾಸದ ಹೆಸರು ಓದೋಷ್ಟರಲ್ಲಿ ಸಾಗರದ ಬಸ್ಸು ಜೋಗ ಮುಟ್ತದೆ ಮಾರಾಯ್ರೆ. ಅದಕ್ಕೆ ಸಣ್ಣ ಮಾಡಿದೆ.”

“ಸಣ್ಣ ಮಾಡಿದ್ದಿರಲಿ. ಕೊಂಬು ಯಾಕೆ ಕೊಟ್ರಿ?”

“ನೀವು ಬಿಟ್ಟಿದ್ರಿ, ನಾನು ಕೊಟ್ಟೆ. ಜನ್ಮವೆಲ್ಲ ಹುಡುಗರ ಕಾಪಿಯಲ್ಲಿ ಬಿಟ್ಟುಹೋದ ಕೊಂಬು ಕೊಟ್ಟುಕೊಂಡು ಬಂದವ ನಾನು. ಇದಕ್ಕೆಲ್ಲ ಥ್ಯಾಂಕ್ಸ್ ಎಂತಕ್ಕೆ.”

“ಅದು ತವರು ಅಲ್ಲ ಸಾರ್. ತವರ. ಲೋಹ.”

ಆ ಕಡೆ ಭಟ್ಟರು ನಿಘಂಟು ತೆಗೆಯುತ್ತಿರುವಂತೆ ಕೇಳಿಸಿತು.

“ಟಿನ್ನಾ?” ಎಂದರು ಕೊನೆಗೆ. “ಟಿನ್ ಅಂತ ಬರೆದು ಸಾಯ್ಲಿಕ್ಕೆ ಆಗ್ತಿರಲಿಲ್ವಾ?”

“ಕನ್ನಡ ಪದ ಇರೋ ಕಡೆ ಇಂಗ್ಲಿಷ್ ಬರಬಾರದು ಅಂದವರು ನೀವು.”

“ಅದೂ ಹೌದನ್ನಿ.” ಭಟ್ಟರು ತಮ್ಮ ತಪ್ಪನ್ನು ಒಪ್ಪಿಕೊಂಡ ರೀತಿಯೇ ಗುತ್ಯಪ್ಪನನ್ನು ಇನ್ನಷ್ಟು ಕೆರಳಿಸಿತು. ಪೋಸ್ಟರ್ ವಾಪಸು ತೆಗೆಯಿರಿ ಎಂದ. ಭಟ್ಟರು ಆಗುವುದಿಲ್ಲ ಎಂದರು. ಮೂರು ತಾಲ್ಲೂಕಿನ ಗುಂಪುಗಳಲ್ಲಿ ಅದು ಓಡಾಡಿ ಮುಗಿದಿತ್ತು. ಹಿನ್ನೀರಿನಾಚೆಯ ಬ್ಯಾಕೋಡಿನಿಂದ ಒಂದು ಟೆಂಪೋ ತುಂಬ ಹೆಂಗಸರು ಹೊರಟಿದ್ದರಂತೆ. ಹಿನ್ನೀರಿಗೆ ಸೇತುವೆ ಆದಮೇಲೆ ಅವರನ್ನು ಹಿಡಿಯುವವರಿಲ್ಲವಂತೆ. ಬಳಗದ ಉಪನ್ಯಾಸಕ್ಕೆ ಸಾಮಾನ್ಯವಾಗಿ ಬರುವುದು ಭಟ್ಟರು, ಮೈಕಿನವನು, ಮಳೆ ಬಂದರೆ ಆಸರೆಗೆ ನಿಂತವರು. ಈ ಸಲ ಕುರ್ಚಿ ಬಾಡಿಗೆಗೆ ತಂದಿದ್ದರು.

“ನೀವು ಬನ್ನಿ, ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ. ಕೊಂಬಿಲ್ಲ ಅಂತ. ಅರ್ಥ ಮಾಡ್ಕೊಳ್ತಾರೆ,” ಎಂದು ಭಟ್ಟರು ಫೋನ್ ಇಟ್ಟರು.

ಇಷ್ಟನ್ನೂ ಯಮುನಮ್ಮ ಕಡುಬಿನ ತಟ್ಟೆಯ ಪಕ್ಕದಲ್ಲೇ ನಿಂತು ಕೇಳಿದರು. ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. “ಹೌದು ಬಿಡಿ, ಕೊಂಬು ಬಂದ್ರೆ ಯಾವ ಹೆಂಡ್ತಿನೂ ನಿಲ್ಲಲ್ಲ,” ಎಂದು ಹೇಳಿ ಆ ಮಾತನ್ನು ಬೀದಿಗೆ ಮುಟ್ಟಿಸಲು ಹೊರಟರು.

ಗುತ್ಯಪ್ಪ ಮಂಜುಶ್ರೀಗೆ ಫೋನ್ ಮಾಡಿದ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ‘ಹ್ಞೂಂ’ ಕೂಡ ಇಲ್ಲ. ಈಗ ಅವನಿಗೆ ಸಂಶಯ ಉಳಿಯಲಿಲ್ಲ. ಹೋಗ್ತೀನಿ ಎಂದೇ ಹೋಗಿದ್ದಾಳೆ. ಈ ಪೋಸ್ಟರ್ ನೋಡಿದ ಮೇಲೆ ಇನ್ನು ಬರುವ ಮಾತಿಲ್ಲ. ಇಷ್ಟರಲ್ಲಿ ಅವಳ ಅಣ್ಣ ಹುಲಿಯಪ್ಪನೇ ಫೋನ್ ಮಾಡಿದ. ಹುಲಿಯಪ್ಪ ಶುಂಠಿ ಮೂಟೆ ಸಾಗಿಸುವ ಪಿಕಪ್ ಇಟ್ಟುಕೊಂಡವನು. ಮೂಟೆಯನ್ನು ಎತ್ತುವಷ್ಟೇ ಸುಲಭವಾಗಿ ಮನುಷ್ಯರನ್ನೂ ಎತ್ತಬಲ್ಲವನು.

“ಭಾವ, ರಿಪ್ಪನ್‌ಪೇಟೆಲಿ ಇಳೀರಿ,” ಎಂದ. ಬೇರೇನೂ ಹೇಳಲಿಲ್ಲ.

ರಿಪ್ಪನ್‌ಪೇಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಗುತ್ಯಪ್ಪ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಮುಖ ಮರೆಸಿದ. ಆದರೆ ಹಲ್ಲುನೋವಿನ ಮುಖಕ್ಕೆ ಟವೆಲ್ ಸುತ್ತಿದರೆ ಅದು ಪೋಸ್ಟರಿಗಿಂತ ಹೆಚ್ಚು ಪೋಸ್ಟರಿನಂತೆ ಕಾಣುತ್ತಿತ್ತು. ಕಂಡಕ್ಟರು ಟಿಕೆಟ್ ಹರಿಯುತ್ತ ನೋಡಿ, ನೀವು ತವರಿನವರಲ್ವಾ ಎಂದ. ಬಸ್ಸು ಅರ್ಧ ದಾರಿ ಸೇರುವಷ್ಟರಲ್ಲಿ ಬಸ್ಸಿನೊಳಗೆ ಪಕ್ಷಗಳಾಗಿದ್ದವು. ಹಿಂದಿನ ಸೀಟಿನ ಗಂಡಸರು, ಹೆಂಡತಿ ತವರಿಗೆ ಹೋದ ವಾರ ತಮ್ಮ ಚಟುವಟಿಕೆ ಬಲು ಹೆಚ್ಚಾಗುತ್ತದೆ ಎಂದು ನಕ್ಕರು. ಮುಂದಿನ ಸೀಟಿನ ಹೆಂಗಸರು, ಆ ಚಟುವಟಿಕೆಯಿಂದಾದ ಪಾತ್ರೆ ತೊಳೆಯುವವರು ಯಾರು ಎಂದು ಕೇಳಿದರು. ಎಲ್ಲರೂ ಗುತ್ಯಪ್ಪನ ಕಡೆ ತಿರುಗಿ ತೀರ್ಪು ಕೇಳಿದರು.

ಗುತ್ಯಪ್ಪ ಹಲ್ಲು ಕಚ್ಚಿಕೊಂಡು ವಿವರಿಸಲು ನೋಡಿದ. ಇದು ತವರು ಅಲ್ಲ, ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಆ ತವರ ಎಂದ.

ಪಾತ್ರೆ ಎಂಬ ಮಾತು ಬಂದದ್ದೇ ತಡ, ಬಸ್ಸು ಗಂಭೀರವಾಯಿತು. ಒಬ್ಬ ಮುದುಕ ಮುಂದಕ್ಕೆ ಬಾಗಿ, ಹೆಂಡತಿ ತವರಿನಿಂದ ಪಾತ್ರೆ ತರಲಿಲ್ಲವೆಂದು ಮೈಕಿನಲ್ಲಿ ಹೇಳಿದರೆ ಅದು ವರದಕ್ಷಿಣೆ ಕೇಸಾಗುತ್ತದೆ, ಜಾಮೀನೂ ಸಿಗುವುದಿಲ್ಲ ಎಂದು ಕಿವಿಯಲ್ಲಿ ಹೇಳಿದ. ಆಮೇಲೆ ಗುತ್ಯಪ್ಪ ಬಾಯಿ ತೆರೆಯಲಿಲ್ಲ. ಅವನ ಮೌನ ಎಲ್ಲವನ್ನೂ ಒಪ್ಪಿಕೊಂಡಂತೆ ಬಸ್ಸಿಗೆ ಕಂಡಿತು.

ರಿಪ್ಪನ್‌ಪೇಟೆಯಲ್ಲಿ ಇಳಿದಾಗ ದಾರಿ ಎರಡಾಗುತ್ತಿತ್ತು. ಒಂದು ತೀರ್ಥಹಳ್ಳಿಗೆ, ಒಂದು ಸಾಗರಕ್ಕೆ. ಒಂದು ಗಳಿಗೆ ಅವನು ಅಲ್ಲೇ ನಿಂತ. ನೇರವಾಗಿ ತೀರ್ಥಹಳ್ಳಿಗೆ ಹೋಗಿ, ಅವಳ ಮುಂದೆ ನಿಂತು, ಅವತ್ತು ಏನಂದೆ ಎಂದು ಕೇಳಿಬಿಟ್ಟರೆ? ಅಷ್ಟು ಸುಲಭದ ಕೆಲಸ ಇಷ್ಟು ದಿನ ಯಾಕೆ ಆಗಲಿಲ್ಲ ಎಂಬ ಯೋಚನೆ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅಷ್ಟರಲ್ಲಿ ಹೆಗಲ ಮೇಲೆ ಮೂಟೆಯಷ್ಟು ಭಾರದ ಕೈಯೊಂದು ಬಿತ್ತು.

ಹುಲಿಯಪ್ಪ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತರಿಸಿದ. ತಾನು ಮಾತಾಡದೆ ಬನ್ಸನ್ನು ಎರಡು ಸೀಳು ಮಾಡಿ ತಿಂದ. ಇನ್ನೊಂದನ್ನು ಸೀಳಿದ. ಬನ್ಸು ಸೀಳುವಾಗೆಲ್ಲ ಗುತ್ಯಪ್ಪನನ್ನೇ ನೋಡುತ್ತಿದ್ದ.

“ನಮ್ಮಮ್ಮ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ರೆ ನೀವು ಬರಲಿಲ್ಲ. ಇರ್ಲಿ,” ಎಂದ. “ನನ್ನ ತಂಗಿ ತವರಿಗೆ ಬಂದದ್ದನ್ನ ಊರೂರಿಗೆ ಹಂಚೋಕೆ ನಿಮಗೆ ಪುರುಸೊತ್ತಾಯ್ತು.”

ಗುತ್ಯಪ್ಪ ಲೋಟವನ್ನು ಪ್ಲಾಟಿನಂ ಮಾಡಿ, ಚಟ್ನಿ ಬಟ್ಟಲನ್ನು ಹೈಡ್ರೋಜನ್ ಮಾಡಿ, ಉಪ್ಪಿನ ಡಬ್ಬಿಯನ್ನು ಮಧ್ಯ ಇಟ್ಟು ಎಲ್ಲವನ್ನೂ ಮೊದಲಿಂದ ವಿವರಿಸಿದ. ವಿವರಿಸುತ್ತ ವಿವರಿಸುತ್ತ ಅವನಿಗೇ ಬೇಸರ ಬಂದು ಕೊನೆಗೆ ಮೇಜು ಗುದ್ದಿದ. “ಭಾವ, ತವರ ಅಂದ್ರೆ ಬರೀ ಒಂದು ಲೋಹ.”

ಹುಲಿಯಪ್ಪ ಬಾಯಲ್ಲಿದ್ದದ್ದನ್ನು ನುಂಗಿದ. ಅವನ ಕಣ್ಣಲ್ಲಿ ನೀರಾಡಿತು.

“ನಿಮಗೆ ಲೋಹ ಇರಬಹುದು ಭಾವ. ನಮಗೆ ಚಿನ್ನ.”

ಹುಲಿಯಪ್ಪ ಎದ್ದು, ಅಮ್ಮನೂ ತಂಗಿಯೂ ಪಿಕಪ್ಪಿನಲ್ಲಿ ಕುಳಿತಿದ್ದಾರೆ, ಅವರನ್ನು ನಾನೇ ಸಾಗರಕ್ಕೆ ಕರೆತರುತ್ತೇನೆ, ನಮ್ಮ ಎದುರಿಗೇ ಅದೇನು ಹೇಳುತ್ತೀರೋ ಹೇಳಿ ಎಂದ. ಗುತ್ಯಪ್ಪ ಹೋಟೆಲಿನ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಪಿಕಪ್ ಹೊರಟಿತ್ತು. ಮುಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿದ ಹೂವಮ್ಮ. ಅವರ ಪಕ್ಕ ಮಂಜುಶ್ರೀ. ಹಿಂದೆ ಟಾರ್ಪಾಲು ಹೊದಿಸಿದ ಎತ್ತರದ ಲೋಡು. ಮಂಜುಶ್ರೀ ಅವನ ಕಡೆ ನೋಡಿದಳು. ಕೈ ಎತ್ತಲೋ ಬೇಡವೋ ಎಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಗಾಡಿ ತಿರುವು ದಾಟಿತು.

ಸಾಗರದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಘ್ನೇಶ್ವರ ಭಟ್ಟರು ಮದುವೆ ಮನೆಯ ಯಜಮಾನನಂತೆ ಓಡಾಡುತ್ತ, ಎದುರಿಗೆ ಸಿಕ್ಕ ನೆಂಟನೊಬ್ಬನಿಗೆ ಮನೆಮಾತಿನ ಹವ್ಯಕದಲ್ಲಿ, “ಎಂಗೊ ಇಷ್ಟು ಜನ ಯಾವಾಗ್ಲೂ ಕಂಡಿದ್ದೇ ಇಲ್ಲೆ ಮಾರಾಯಾ, ಕುರ್ಚಿ ಇನ್ನೂ ಬೇಕಾಗಿದ್ದು,” ಎನ್ನುತ್ತಿದ್ದರು. ಮುಂದಿನ ಸಾಲುಗಳಲ್ಲಿ ಮಹಿಳಾ ಮಂಡಳಿಯ ಅಧ್ಯಕ್ಷೆ ಬಂಗಾರಮ್ಮ ತಮ್ಮ ದಂಡಿನೊಂದಿಗೆ ಕುಳಿತಿದ್ದರು. ಗಂಡಸರು ಹಿಂದಿನ ಗೋಡೆಗೆ ಒರಗಿ, ಅಗತ್ಯ ಬಿದ್ದರೆ ಓಡಲು ಅನುಕೂಲವಾಗುವಂತೆ ನಿಂತಿದ್ದರು.

ಗುತ್ಯಪ್ಪ ವೇದಿಕೆ ಹತ್ತಿದ. ಬೆಳಗಿನಿಂದ ಸೇರಿದ ಸಿಟ್ಟು ಈಗ ಗಂಟಲಿಗೆ ಬಂದಿತ್ತು. ಮೈಕನ್ನು ಕುತ್ತಿಗೆ ಹಿಸುಕುವಂತೆ ಹಿಡಿದು, “ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಇದು ತವರು ಅಲ್ಲ, ತವರ,” ಎಂದ.

ಮೈಕು ಗೊಂಯ್ ಎಂದಿತು. ‘ತವರು ಅಲ್ಲ’ ಎಂಬುದು ‘ತವರಲ್ಲ’ ಆಗಿ, ಕೊನೆಯ ‘ತವರ’ ಗೊಂಯ್‌ನಲ್ಲಿ ಬೆರೆತು ಕೊಂಬು ಮೂಡಿಸಿಕೊಂಡು ಹೊರಬಿತ್ತು. “ತವರಲ್ಲ, ತವರು,” ಎಂದು ಬಂಗಾರಮ್ಮ ಪಕ್ಕದವರಿಗೆ ಹೇಳಿದರು. “ಸರಿಯಾಗಿ ಉಚ್ಚಾರ ಮಾಡಿ ಅಂತಿದ್ದಾರೆ.”

ಗುತ್ಯಪ್ಪ ಇನ್ನೊಮ್ಮೆ ಬಾಯಿ ತೆರೆದ. ಆಗಲೇ ಪಕ್ಕದ ಬಾಗಿಲಿನಿಂದ ಹುಲಿಯಪ್ಪ ತಾಯಿಯ ಕೈ ಹಿಡಿದುಕೊಂಡು ಒಳಗೆ ಬಂದ. ಹಿಂದೆ ಮಂಜುಶ್ರೀ. ಮೊದಲ ಸಾಲಿನವರು ಸರಿದು ಜಾಗ ಕೊಟ್ಟರು. ಅವಳು ಕುಳಿತಳು, ಸೆರಗು ಸರಿಪಡಿಸಿಕೊಂಡಳು, ನೆಟ್ಟ ಕಣ್ಣಿನಿಂದ ಅವನನ್ನು ನೋಡಿದಳು. ಮದುವೆಯ ಹೊಸದರಲ್ಲಿ, ನೀವು ಓದಿದ್ದು ಏನು ಎಂದು ಕೇಳಿದಾಗ ನೋಡಿದಂತೆಯೇ ನೋಡಿದಳು.

ಅವನು ಕೊಂಬಿನ ಮಾತನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬಂದ. ಹಾಳಾಗಿ ಹೋಗಲಿ, ಓದಿದ್ದನ್ನಾದರೂ ಹೇಳಿ ಇಳಿಯುತ್ತೇನೆ ಎಂದು ಅವುಡುಗಚ್ಚಿದ.

ಪ್ಲಾಟಿನಂ ಎಂದರೆ ಒಂದು ಜಗಲಿ ಎಂದುಕೊಳ್ಳಿ, ಎಂದ. ಹೈಡ್ರೋಜನ್ ಬಂದು ಆ ಜಗಲಿಯಲ್ಲಿ ಕೂರುತ್ತದೆ, ಬೇರೆ ವಸ್ತುಗಳೂ ಬಂದು ಕೂರುತ್ತವೆ, ಅಲ್ಲೇ ಅವು ಕೂಡಿಕೊಳ್ಳುತ್ತವೆ. ಪ್ಲಾಟಿನಂ ಬಲು ಚುರುಕು. ಆದರೆ ಅದಕ್ಕೆ ತಾಳ್ಮೆಯಿಲ್ಲ. ಎದುರಿಗೆ ಬಂದದ್ದನ್ನೆಲ್ಲ ಹಿಡಿದುಕೊಂಡು, ಬೇಕಾದ ಕಡೆಗೂ ಬೇಡದ ಕಡೆಗೂ ಹೈಡ್ರೋಜನ್ ಅಂಟಿಸಿ ಕೆಲಸ ಕೆಡಿಸುತ್ತದೆ. ಹಿಂದಿನ ಗೋಡೆಯ ಗಂಡಸರು ಹೂಂ ಹೂಂ ಎಂದು ತಲೆಯಾಡಿಸಿದರು. ಹೆಂಡತಿಯರು ಕುಳಿತಲ್ಲಿಂದಲೇ ತಿರುಗಿ ನೋಡಿದ್ದರಿಂದ ಕೂಡಲೇ ನಿಲ್ಲಿಸಿದರು.

“ತವರ ತಾನಾಗಿ ಏನೂ ಮಾಡುವುದಿಲ್ಲ,” ಎಂದ ಗುತ್ಯಪ್ಪ. “ಅದಕ್ಕೆ ಸ್ವಂತ ಚಟುವಟಿಕೆ ಇಲ್ಲ. ಬಂದು ಸುಮ್ಮನೆ ಕೂರುತ್ತದೆ.”

ಸಭೆ ಬುಸುಗುಟ್ಟಿತು. ಹುಲಿಯಪ್ಪ ಅರ್ಧ ಎದ್ದ. ಹೂವಮ್ಮನ ಕಪ್ಪು ಕನ್ನಡಕ ಗುತ್ಯಪ್ಪನ ಕಡೆಗೇ ತಿರುಗಿ ನಿಂತಿತು. ಅವನು ಅವಸರದಿಂದ ಮುಂದುವರಿಸಿದ. ಕಣ್ಣು ಲ್ಯಾಪ್‌ಟಾಪಿನ ಮೇಲಿರಲಿಲ್ಲ. ತವರ ಹಾಗೆ ಪ್ಲಾಟಿನಂ ಪಕ್ಕದಲ್ಲಿ ಕೂತದ್ದರಿಂದಲೇ ಪ್ಲಾಟಿನಂನ ಗಡಿಬಿಡಿ ನಿಲ್ಲುತ್ತದೆ. ಬಂದ ವಸ್ತುವನ್ನು ಸರಿಯಾದ ಕಡೆಯಿಂದ ಹಿಡಿದುಕೊಡುವುದು ತವರ. ಸ್ವಲ್ಪ ಸೇರಿದರೆ ಬೇಕಾದ ಕೆಲಸ ಮೊದಲಿಗಿಂತ ಬೇಗ ಆಗುತ್ತದೆ, ಬೇಡದ ಕೆಲಸ ನಿಲ್ಲುತ್ತದೆ. ಪ್ಲಾಟಿನಂನ ಬೆಲೆ ತಿಳಿಯುವುದೇ ಆಗ.

ಮಂಜುಶ್ರೀಯ ಮುಖದಲ್ಲಿ ಏನೋ ಬದಲಾಯಿತು. ಹೂವಮ್ಮ ಕನ್ನಡಕ ತೆಗೆದು ಕಣ್ಣೊರಸಿಕೊಳ್ಳಲು ಹೋದರು. ಆಪರೇಷನ್ ಕಣ್ಣು ಮುಟ್ಟಬೇಡ ಎಂದು ಮಗಳು ಕೈ ಹಿಡಿದುಕೊಂಡಳು.

“ಹಾಗಾದ್ರೆ ಎಷ್ಟು ಸೇರಿಸಬೇಕು?” ಎಂದು ಬಂಗಾರಮ್ಮ ಎದ್ದು ಕೇಳಿದರು.

“ಸ್ವಲ್ಪ.”

“ಸ್ವಲ್ಪ ಅಂದ್ರೆ? ನಮ್ಮ ಮನೆಯವರು ದೀಪಾವಳಿಗೊಂದು ಸಲ ಅಂತಾರೆ.”

“ಅದು ಏನೂ ಸಾಲದು,” ಎಂದ ಗುತ್ಯಪ್ಪ. ಅವನ ಮನಸ್ಸಿನಲ್ಲಿದ್ದದ್ದು ಬೇರೆ ಲೆಕ್ಕ. ಚಪ್ಪಾಳೆಗೆ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿದವು.

ಅತಿಯಾಗಿ ಸೇರಿಸಿದರೆ ತವರ ಇಡೀ ಮೇಲ್ಮೈಯನ್ನು ಆವರಿಸಿಬಿಡುತ್ತದೆ, ಜಗಲಿಯಲ್ಲಿ ಹೈಡ್ರೋಜನ್ನಿಗೆ ಕೂರಲು ಜಾಗವೇ ಉಳಿಯದೆ ಚಟುವಟಿಕೆ ನಿಂತುಹೋಗುತ್ತದೆ ಎಂಬ ಮುಖ್ಯ ಮಾತನ್ನು ಗುತ್ಯಪ್ಪ ಆಮೇಲೆ ಹೇಳಿದ. ಅದನ್ನು ಸಾಬೀತು ಮಾಡುವುದಕ್ಕೇ ಅವನು ಅರ್ಧ ಆಯುಸ್ಸು ಸವೆಸಿದ್ದ. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಯಾರಿಗೂ ಅದು ಕೇಳಿಸಲಿಲ್ಲ.

ವೇದಿಕೆ ಇಳಿದಾಗ ಹುಲಿಯಪ್ಪ ಎದುರು ಬಂದ. ಗುತ್ಯಪ್ಪ ಕಣ್ಣು ಮುಚ್ಚಿದ. ಮೂಟೆ ಎತ್ತುವ ಆ ಕೈಗಳು ಅವನನ್ನು ನೆಲದಿಂದ ಮೇಲಕ್ಕೆತ್ತಿ, ಅಪ್ಪಿಕೊಂಡು, ಕೆಳಗಿಟ್ಟವು. ತಪ್ಪು ತಿಳಿದುಕೊಂಡೆ ಭಾವ, ಎಂದು ಹುಲಿಯಪ್ಪ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡ.

ಮಂಜುಶ್ರೀ ಒಂದು ಕಂಬದ ಪಕ್ಕ ನಿಂತಿದ್ದಳು. ಗುತ್ಯಪ್ಪ ಅವಳ ಹತ್ತಿರ ಹೋದ. ವಾರದಿಂದ ಹೊತ್ತುಕೊಂಡಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದ.

“ಅವತ್ತು ಬಾಗಿಲಲ್ಲಿ ನಿಂತು ಏನಂದೆ ನೀನು?”

“ಕೇಳಿಸ್ಲಿಲ್ವಾ?” ಅವಳು ಅವನನ್ನು ಆಶ್ಚರ್ಯದಿಂದ ನೋಡಿದಳು. “ಹೋಗಿ ಅಮ್ಮನ್ನ ಕರ್ಕೊಂಡು ಬರ್ತೀನಿ, ಕಣ್ಣು ವಾಸಿ ಆಗೋವರೆಗೆ ನಮ್ಮನೇಲೇ ಇರ್ಲಿ ಅಂತೀನಿ, ಅಂದೆ. ನೀವು ಕೈ ಎತ್ತಿದ್ರಿ.”

ಗುತ್ಯಪ್ಪ ಕಂಬ ಹಿಡಿದುಕೊಂಡ.

“ಆ ಕೈ ಆಯ್ತು ಅಂತನೋ, ಸಾಕು ನಿಲ್ಸು ಅಂತನೋ ನನಗೆ ಗೊತ್ತಾಗ್ಲೇ ಇಲ್ಲ. ಕೇಳೋಕೆ ಹೆದರಿಕೆ. ಅದಕ್ಕೆ ಫೋನಲ್ಲಿ ಬರೀ ಹ್ಞೂಂ ಅಂತಿದ್ದೆ. ಬೆಳಿಗ್ಗೆ ಆ ಪೋಸ್ಟರ್ ಬಂತು ನೋಡಿ, ತವರೂ ನಮ್ಮನೆಗೆ ಸೇರಲಿ ಅಂತಲೇ ಕೈ ಎತ್ತಿದ್ದು ಅಂತ ಆಗ ಗೊತ್ತಾಯ್ತು. ಅಣ್ಣನಿಗೆ ಸಿಟ್ಟು ಬಂತು. ನನಗೆ ಬರ್ಲಿಲ್ಲ. ನೀವು ಬಾಯಿಬಿಟ್ಟು ಹೇಳೋರಲ್ಲ, ಮೈಕಲ್ಲಿ ಹೇಳ್ತೀರಿ ಅಂತ ಆಗ್ಲೇ ಸಾಮಾನು ಕಟ್ಟಿಸಿದೆ, ಆ ಗಡಿಬಿಡೀಲಿ ನಿಮ್ಮ ಫೋನೂ ಎತ್ತಲಿಲ್ಲ.” ಅವಳು ತಲೆ ತಗ್ಗಿಸಿ, ದನಿಯನ್ನೂ ತಗ್ಗಿಸಿದಳು. “ಚಿನ್ನ ಅಂತ ಎಲ್ಲರ ಗಂಡಂದಿರೂ ಅಂತಾರೆ. ನೀವು ನನ್ನ ಪ್ಲಾಟಿನಂ ಅಂದ್ರಿ. ಅಷ್ಟು ಜನರ ಎದುರಿಗೆ.”

ಸಂಜೆ ಹೊತ್ತಿಗೆ ಹೊಸನಗರದ ಮನೆಯ ಮುಂದೆ ಪಿಕಪ್ಪಿನ ಟಾರ್ಪಾಲು ತೆಗೆದರು. ಹೂವಮ್ಮನ ಮಂಚ, ಹಾಸಿಗೆ, ಟ್ರಂಕು, ಒರಳುಕಲ್ಲು, ಬಿಟ್ಟುಬಂದರೆ ಅನ್ನ ಬಿಡುತ್ತದೆಂದು ತಂದ ನಾಯಿ, ನಾಯಿಗೆ ಹೆದರದ ಒಂದು ಬುಟ್ಟಿ ಕೋಳಿ ಒಂದೊಂದಾಗಿ ಇಳಿದವು. ಕಣ್ಣಿಗೆ ಹೊತ್ತುಹೊತ್ತಿಗೆ ಡ್ರಾಪ್ಸ್ ಬಿಡಲು ಜನ ಬೇಕಲ್ಲ ಎಂದು ಹುಲಿಯಪ್ಪನ ಹೆಂಡತಿ ಹಿಂದಿನಿಂದ ಬಸ್ಸಿನಲ್ಲಿ ಬಂದಳು. ಅವಳಿಲ್ಲದೆ ಅಲ್ಲಿ ತಾನೊಬ್ಬ ಏನು ಮಾಡಲಿ ಎಂದು ಹುಲಿಯಪ್ಪನೂ ಉಳಿದ. ಯಮುನಮ್ಮ ಇದನ್ನೆಲ್ಲ ಬೇಲಿಯ ಮೇಲಿಂದ ನೋಡಿ ಕಣ್ಣು ತುಂಬಿಕೊಂಡು, ಇನ್ನೊಂದು ತಟ್ಟೆ ಕಡುಬು ತಂದು ತಾವೂ ಕುಳಿತರು.

ಗುತ್ಯಪ್ಪ ಲ್ಯಾಪ್‌ಟಾಪ್ ಹಿಡಿದುಕೊಂಡು ಒಳಗೆ ಬಂದ. ಅವನ ಕುರ್ಚಿಯಲ್ಲಿ ಹೂವಮ್ಮ ತಲೆ ಹಿಂದಕ್ಕೆ ವಾಲಿಸಿ ಡ್ರಾಪ್ಸಿಗೆ ಕಾದಿದ್ದರು. ಮಂಚದ ಮೇಲೆ ಹುಲಿಯಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದ. ಓದುವ ಮೇಜಿನ ಮೇಲೆ ಟ್ರಂಕು, ಟ್ರಂಕಿನ ಮೇಲೆ ಕೋಳಿ. ಜಗಲಿಗೆ ಹೋದರೆ ಅಲ್ಲಿ ನಾಯಿ ಮಲಗಿತ್ತು, ಅವನನ್ನು ಕಂಡು ಗುರ್ ಎಂದಿತು. ಮೇಲ್ಮೈ ಪೂರ್ತಿ ಆವರಿಸಿಹೋಗಿತ್ತು. ಯಾರೂ ಕೇಳಿಸಿಕೊಳ್ಳದ ತನ್ನ ಸಂಶೋಧನೆಯ ಕೊನೆಯ ಅಧ್ಯಾಯದ ನಡುವೆ, ಕೂರಲು ಜಾಗ ಸಿಗದ ಹೈಡ್ರೋಜನ್ನಿನಂತೆ, ಗುತ್ಯಪ್ಪ ನಿಂತೇ ಇದ್ದ.

ಆಗ ವಿಘ್ನೇಶ್ವರ ಭಟ್ಟರ ಫೋನ್ ಬಂತು. ತೀರ್ಥಹಳ್ಳಿಯ ಮಹಿಳಾ ಮಂಡಳಿಯವರು ಬರುವ ಭಾನುವಾರಕ್ಕೆ ಇದೇ ಉಪನ್ಯಾಸ ಕೇಳುತ್ತಿದ್ದಾರೆ, ರಿಪ್ಪನ್‌ಪೇಟೆಯವರೂ ಕೇಳಿದ್ದಾರೆ. ಈ ಸಲ ಬೇಕಾದರೆ ಕೊಂಬು ತೆಗೆದುಬಿಡುತ್ತೇನೆ, ನೀವು ಹೇಳಿದಂತೆ ಎಂದರು ಭಟ್ಟರು.

ಇಡೀ ದಿನದ ಸಿಟ್ಟೆಲ್ಲ ಗುತ್ಯಪ್ಪನ ನಾಲಗೆಯ ತುದಿಗೆ ಬಂದು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಮಂಜುಶ್ರೀ ಒಂದು ಲೋಟ ಹಾಲು ಹಿಡಿದು ಅವನನ್ನೇ ನೋಡುತ್ತಿದ್ದಳು. ಹಾಲು ಉಕ್ಕಿರಲಿಲ್ಲ.

“ಕೊಂಬು ಇರಲಿ ಸಾರ್,” ಎಂದ.

ಅದು ತವರು ಅಲ್ಲ, ತವರ ಎಂದು ಗುತ್ಯಪ್ಪ ಅವಳಿಗೆ ಯಾವತ್ತೂ ಹೇಳಲಿಲ್ಲ.